ಲಂಡನ್ನಿನಿಂದ ಪ್ಯಾರಿಸ್ಸಿಗೆ: ದೂರವೂ ಹೊತ್ತೂ

ದೂರವನ್ನು ಹೇಳಲು ನಮ್ಮ ಹಿರಿಯರಲ್ಲಿ ಬಗೆಬಗೆಯ ಮಾತುಗಳಿದ್ದವು. ಗಾವುದ, ಹರದಾರಿ ಎಂಬುವು ನೆಲದ ಅಳತೆಗಳು. ಕೂಗಳತೆ ಎಂಬುದು ಕಿವಿಯ ಅಳತೆ. ಇವಲ್ಲದೆ ಇನ್ನೊಂದು ಅಳತೆಯೂ ಇತ್ತು. ದಾರಿಯಲ್ಲಿ ಎದುರಾದವರನ್ನು ‘ಊರು ಇನ್ನೆಷ್ಟು ದೂರವಪ್ಪಾ?’ ಎಂದು ಕೇಳಿದರೆ, ‘ಹೊತ್ತು ಮುಳುಗೋದ್ರೊಳಗೆ ಸೇರ್ಕೋತೀರಿ’ ಎನ್ನುತ್ತಿದ್ದರು. ಕೇಳಿದ್ದು ದೂರವನ್ನು, ಉತ್ತರ ಬಂದದ್ದು ಹೊತ್ತಿನಲ್ಲಿ. ಹುಡುಗನಾಗಿದ್ದಾಗ ನನಗೆ ಇದು ಲೆಕ್ಕ ಬಾರದವರ ಉತ್ತರವೆಂದು ತೋರುತ್ತಿತ್ತು. ಈಗ ಹಾಗೆ ತೋರುವುದಿಲ್ಲ. ದೂರ ಭೂಮಿಗೆ ಸೇರಿದ್ದು. ಅದನ್ನು ದಾಟಲು ಹಿಡಿಯುವ ಹೊತ್ತು ಮಾತ್ರ ಮನುಷ್ಯರಿಗೆ ಸೇರಿದ್ದು.

ಈ ಮಾತು ಮತ್ತೆ ನೆನಪಿಗೆ ಬಂದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬರೆದ ಕಾಗದದಿಂದ. ಬಿ.ಎಸ್‌ಸಿ. ತರಗತಿಯಲ್ಲಿ ನನ್ನಲ್ಲಿ ಕನ್ನಡ ಓದಿದವನು. ಈಗ ಲಂಡನ್ನಿನಲ್ಲಿ ನೆಲಸಿದ್ದಾನೆ. ಉದ್ಯೋಗದ ನಿಮಿತ್ತ ಆಗಾಗ ಪ್ಯಾರಿಸ್ಸಿಗೆ ಹೋಗಿ ಬರುತ್ತಾನೆ. ತನ್ನ ವಿಮಾನಗಳ ವೇಳೆಯನ್ನು ಬರೆದು ಕಳಿಸಿದ್ದ. ಹೋಗುವ ವಿಮಾನ ಬೆಳಿಗ್ಗೆ 10 ಗಂಟೆಗೆ ಲಂಡನ್ ಬಿಟ್ಟು 12 ಗಂಟೆ 20 ನಿಮಿಷಕ್ಕೆ ಪ್ಯಾರಿಸ್ ಸೇರುತ್ತದೆ. ಬರುವ ವಿಮಾನ ಬೆಳಿಗ್ಗೆ 10 ಗಂಟೆಗೆ ಪ್ಯಾರಿಸ್ ಬಿಟ್ಟು 10 ಗಂಟೆ 20 ನಿಮಿಷಕ್ಕೆ ಲಂಡನ್ ಸೇರುತ್ತದೆ. ಅದರ ಕೆಳಗೆ ಒಂದು ಸಾಲು: ‘ಸಾರ್, ಹೋಗುವಾಗ ಏರು, ಬರುವಾಗ ಇಳಿಜಾರೇನು?’

ಎರಡೂ ಊರುಗಳ ಗಡಿಯಾರಗಳ ನಡುವೆ ಒಂದು ಗಂಟೆಯ ಅಂತರವಿದೆ ಎಂಬುದು ಅವನಿಗೆ ತಿಳಿಯದ್ದಲ್ಲ. ಮೇಷ್ಟರನ್ನು ಕೆಣಕುವ ಹಳೆಯ ಚಾಳಿ, ಅಷ್ಟೆ. ಆದರೆ ಭೂಪಟವನ್ನು ಬಿಡಿಸಿ ನೋಡಿದಾಗ ನನಗೆ ನಿಜವಾಗಿಯೂ ಒಂದು ತೊಡಕು ಕಾಣಿಸಿತು. ಸೂರ್ಯನ ಲೆಕ್ಕದಲ್ಲಿ ಪ್ಯಾರಿಸ್ಸಿನ ಮಧ್ಯಾಹ್ನಕ್ಕೂ ಲಂಡನ್ನಿನ ಗ್ರೀನಿಚ್ಚಿನ ಮಧ್ಯಾಹ್ನಕ್ಕೂ ಇರುವ ಅಂತರ 9 ನಿಮಿಷ 21 ಸೆಕೆಂಡು ಮಾತ್ರ. ಹಾಗಿದ್ದ ಮೇಲೆ ಗಡಿಯಾರದಲ್ಲಿ ಪೂರ್ತಿ ಒಂದು ಗಂಟೆ ಎಲ್ಲಿಂದ ಬಂತು? ಇದನ್ನು ಹುಡುಕುತ್ತ ಹೋದವನಿಗೆ ಇನ್ನೂರು ವರ್ಷಕ್ಕೂ ಮಿಕ್ಕ ಕಥೆಯೊಂದು ದೊರೆಯಿತು. ಅದನ್ನೇ ಈ ಹೊತ್ತು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ದೂರದ ಮಾತು. ಹಕ್ಕಿ ಹಾರುವ ನೇರದಲ್ಲಿ ಲಂಡನ್ನಿಗೂ ಪ್ಯಾರಿಸ್ಸಿಗೂ ನಡುವೆ ಸುಮಾರು 344 ಕಿಲೋಮೀಟರು, ಎಂದರೆ 214 ಮೈಲಿ. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋದರೆ ಹೆಚ್ಚುಕಡಿಮೆ ಇಷ್ಟೇ ಆಗುತ್ತದೆ. ನಮ್ಮ ದಾರಿಗೆ ಶಿರಾಡಿ ಘಾಟಿ ಅಡ್ಡ ಬಂದರೆ ಅವರ ದಾರಿಗೆ ಇಂಗ್ಲಿಷ್ ಕಡಲ್ಗಾಲುವೆ ಅಡ್ಡ ಬರುತ್ತದೆ. ಅತಿ ಕಿರಿದಾದ ಕಡೆ ಅದರ ಅಗಲ ಸುಮಾರು 33 ಕಿಲೋಮೀಟರು. ಆಕಾಶ ತಿಳಿಯಾದ ದಿನ ಈ ದಡದಲ್ಲಿ ನಿಂತವರಿಗೆ ಆ ದಡದ ಸುಣ್ಣದ ಬಂಡೆಗಳು ಬೆಳ್ಳಗೆ ಕಾಣುತ್ತವೆ. ಕಣ್ಣಿಗೆ ಕಾಣುವಷ್ಟು ಹತ್ತಿರ. ಆದರೂ ಶತಮಾನಗಳ ಕಾಲ ಈ ಎರಡು ರಾಜ್ಯಗಳಷ್ಟು ಪರಸ್ಪರ ಕಾದಾಡಿದ ನೆರೆಹೊರೆಯವರು ಯುರೋಪಿನಲ್ಲಿ ಕಡಿಮೆ.

ಅಷ್ಟು ಹತ್ತಿರವಿದ್ದೂ ಆ ದೂರ ಖಚಿತವಾಗಿ ಎಷ್ಟೆಂದು 18ನೆಯ ಶತಮಾನದ ಕೊನೆಯವರೆಗೆ ಯಾರಿಗೂ ತಿಳಿದಿರಲಿಲ್ಲ. 1783ರಲ್ಲಿ ಫ್ರಾನ್ಸಿನ ಖಗೋಳಜ್ಞ ಕಸೀನಿ ದ ಥುರಿ ಒಂದು ಮನವಿಯನ್ನು ಬರೆದು ಇಂಗ್ಲೆಂಡಿನ ಸರ್ಕಾರಕ್ಕೆ ತಲಪಿಸಿದನು. ಗ್ರೀನಿಚ್ ಮತ್ತು ಪ್ಯಾರಿಸ್ ವೀಕ್ಷಣಾಲಯಗಳ ಅಕ್ಷಾಂಶ ರೇಖಾಂಶಗಳ ಅಂತರ ಸಂದೇಹಕ್ಕೆ ಎಡೆಯಾಗಿದೆ, ಎರಡೂ ದೇಶದವರು ಸೇರಿ ನೆಲವನ್ನು ತ್ರಿಕೋನಗಳಾಗಿ ಕತ್ತರಿಸಿ ಅಳೆದರೆ ಸಂದೇಹ ಪರಿಹಾರವಾಗುವುದು, ಎಂಬುದು ಅದರ ಸಾರ. ತನ್ನ ಲೆಕ್ಕದಲ್ಲಿ ತಪ್ಪಿರಬಹುದೆಂಬ ಸೂಚನೆಯನ್ನು ಗ್ರೀನಿಚ್ಚಿನ ರಾಜಖಗೋಳಜ್ಞ ಮಸ್ಕೆಲೀನ್ ಮೆಚ್ಚಲಿಲ್ಲ. ಆದರೂ ರಾಯಲ್ ಸೊಸೈಟಿ ಆ ಕರೆಯನ್ನು ಒಪ್ಪಿಕೊಂಡಿತು. ಮೂರನೆಯ ಜಾರ್ಜ್ ದೊರೆ ಹಣ ಕೊಟ್ಟನು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಫ್ರಾನ್ಸ್ ಇಂಗ್ಲೆಂಡಿನ ಶತ್ರುಪಕ್ಷದಲ್ಲಿ ನಿಂತು ಹೋರಾಡಿತ್ತು. ಆ ಯುದ್ಧ ಮುಗಿದ ಸಂಧಾನವಾದದ್ದು ಅದೇ 1783ರಲ್ಲಿ. ಒಪ್ಪಂದದ ಮಸಿ ಆರುವ ಮೊದಲೇ ಈ ಹಗೆಗಳು, ‘ನಮ್ಮಿಬ್ಬರ ನಡುವೆ ಎಷ್ಟು ದೂರವಿದೆ, ನೋಡೋಣ ಬನ್ನಿ’ ಎಂದು ಕೂಡಿದರು.

ಇಂಗ್ಲೆಂಡಿನ ಕಡೆಯ ಕೆಲಸ ವಿಲಿಯಂ ರಾಯ್ ಎಂಬ ಸೇನಾಧಿಕಾರಿಯ ಪಾಲಿಗೆ ಬಂತು. ತ್ರಿಕೋನಮಾಪನಕ್ಕೆ ಮೊದಲು ಬೇಕಾದದ್ದು ಒಂದು ಆಧಾರರೇಖೆ. ಆ ಒಂದು ರೇಖೆಯನ್ನು ನೆಲದ ಮೇಲೆ ಕೂದಲೆಳೆಯಷ್ಟೂ ತಪ್ಪದಂತೆ ಅಳೆದುಕೊಂಡರೆ, ಮುಂದಿನದನ್ನೆಲ್ಲ ಕೋನಗಳನ್ನು ನೋಡಿ ಲೆಕ್ಕದಿಂದ ಪಡೆಯಬಹುದು. 1784ರ ಬೇಸಿಗೆಯಲ್ಲಿ ರಾಯ್ ಲಂಡನ್ನಿನ ಪಶ್ಚಿಮಕ್ಕಿರುವ ಹೌನ್ಸ್‌ಲೊ ಹೀತ್ ಎಂಬ ಬಯಲನ್ನು ಆರಿಸಿಕೊಂಡನು. ಮೊದಲು ಮರದ ಕೋಲುಗಳಿಂದ ಅಳೆದರು. ಹವೆಯ ತೇವಕ್ಕೆ ಮರ ಹಿಗ್ಗಿ ಕುಗ್ಗಿ ಲೆಕ್ಕ ಕೆಟ್ಟಿತು. ಬಳಿಕ ಗಾಜಿನ ಕೊಳವೆಗಳನ್ನು ಮಾಡಿಸಿ ಮತ್ತೆ ಮೊದಲಿನಿಂದ ಅಳೆದರು. ರೇಖೆಯ ಉದ್ದ 27,404 ಅಡಿಗಳೆಂದು ಗೊತ್ತಾಯಿತು, ಎಂದರೆ ಐದು ಮೈಲಿಗಿಂತ ತುಸು ಹೆಚ್ಚು. ಕೋನಗಳನ್ನು ನೋಡಲು ಜೆಸ್ಸಿ ರ‍್ಯಾಮ್ಸ್‌ಡೆನ್ ಎಂಬ ಕುಶಲಿ ಮೂರಡಿ ವ್ಯಾಸದ ದೊಡ್ಡ ಥಿಯೊಡೊಲೈಟನ್ನು ಮಾಡಿಕೊಟ್ಟನು. ಆ ಯಂತ್ರ ಕೈಸೇರುವುದಕ್ಕೆ ಮೂರು ವರ್ಷ ಹಿಡಿಯಿತು.

1787ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನಿಂದ ಮೂವರು ಡೋವರಿಗೆ ಬಂದರು. ಅಷ್ಟರಲ್ಲಿ ತೀರಿಕೊಂಡಿದ್ದ ಹಿರಿಯ ಕಸೀನಿಯ ಮಗ ಒಬ್ಬ, ಮೆಶೇನ್ ಇನ್ನೊಬ್ಬ, ಮೂರನೆಯವನು ಗಣಿತಶಾಸ್ತ್ರದಲ್ಲಿ ಹೆಸರು ಉಳಿಸಿಹೋದ ಲಜಾಂಡ್ರ್. ಯಾವ ಯಾವ ರಾತ್ರಿ, ಯಾವ ಗುಡ್ಡದ ಮೇಲೆ ಯಾರು ದೀಪ ಹಚ್ಚಬೇಕು ಎಂಬುದನ್ನು ಕೂತು ಗೊತ್ತುಮಾಡಿಕೊಂಡರು. ಬಳಿಕ ಆ ಶರತ್ಕಾಲದ ಇರುಳುಗಳಲ್ಲಿ, ಮಳೆ ಮಂಜುಗಳ ನಡುವೆ, ಇಂಗ್ಲೆಂಡಿನ ದಡದ ಬೆಳಕನ್ನು ಫ್ರೆಂಚರೂ ಫ್ರಾನ್ಸಿನ ದಡದ ಬೆಳಕನ್ನು ಇಂಗ್ಲಿಷರೂ ಕಾದು ನೋಡಿ ಕೋನಗಳನ್ನು ಬರೆದುಕೊಂಡರು. ಆ ದಡಗಳಲ್ಲಿ ಅದುವರೆಗೆ ರಾತ್ರಿ ಬೆಂಕಿ ಹೊತ್ತಿತೆಂದರೆ ಜನ ಹಗೆಯ ಹಡಗು ಬಂತೆಂದು ಬೆದರುತ್ತಿದ್ದರು. ಈಗ ಬೆಂಕಿ ಹೊತ್ತಿದ್ದು ಒಬ್ಬರು ಇನ್ನೊಬ್ಬರಿಗೆ ಕಾಣಿಸಲೆಂದು. ಈ ಕೆಲಸದ ವರದಿಯ ಅಚ್ಚಿನ ಕರಡನ್ನು ತಿದ್ದುತ್ತಿರುವಾಗಲೇ, 1790ರಲ್ಲಿ, ರಾಯ್ ತೀರಿಕೊಂಡನು. 1793ರಲ್ಲಿ ಎರಡು ದೇಶಗಳಿಗೂ ಮತ್ತೆ ಯುದ್ಧ ಹತ್ತಿತು.

ಈ ಕಥೆಗೆ ನಮ್ಮ ನಾಡಿನ ನಂಟೂ ಒಂದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯ ಪರವಾಗಿ ಹೋರಾಡಿದ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬವನಿದ್ದ. ರಾಯ್‌ನ ಮಾದರಿಯನ್ನೇ ಮುಂದಿಟ್ಟುಕೊಂಡು ಅವನು 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದ. 1802ರಲ್ಲಿ ಮದರಾಸಿನ ಬಳಿ ಇನ್ನೊಂದನ್ನು ಅಳೆದು ಭಾರತದ ಮಹಾ ತ್ರಿಕೋನಮಾಪನಕ್ಕೆ ನಾಂದಿ ಹಾಡಿದ. ಶಾಸ್ತ್ರ ಅದೇ, ರೀತಿ ಅದೇ. ಆದರೆ ಡೋವರಿನಲ್ಲಿ ಇಬ್ಬರು ಸರಿಸಮಾನರು ಎದುರು ಬದುರು ದೀಪ ಹಚ್ಚಿ ಅಳೆದರು. ಇಲ್ಲಿ ಗೆದ್ದವನೊಬ್ಬ ಅಳೆದ, ಸೋತ ನಾಡು ಅಳೆಸಿಕೊಂಡಿತು. ಸರಪಣಿಯೊಂದೇ ಆದರೂ ಹಿಡಿದ ಕೈಯನ್ನು ನೋಡಿ ಅಳತೆಯ ಅರ್ಥ ಬೇರೆಯಾಗುತ್ತದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಲಂಡನ್ ಪ್ಯಾರಿಸ್ಸಿನ ದಾರಿಗೆ ಮರಳೋಣ.

ದೂರವೇನೋ ಗೊತ್ತಾಯಿತು. ಆ ದೂರವನ್ನು ದಾಟಲು ಎಷ್ಟು ಹೊತ್ತು ಬೇಕಾಗುತ್ತಿತ್ತು? ಡಿಕನ್ಸನ ‘ಎರಡು ನಗರಗಳ ಕಥೆ’ಯನ್ನು ಓದಿದವರಿಗೆ ಅದರ ಆರಂಭ ನೆನಪಿರಬಹುದು. 1775ರ ನವೆಂಬರಿನ ರಾತ್ರಿ, ಡೋವರಿಗೆ ಹೋಗುವ ಅಂಚೆಗಾಡಿ ಕೆಸರಿನಲ್ಲಿ ಗುಡ್ಡವನ್ನು ಏರುತ್ತಿದೆ. ಪ್ರಯಾಣಿಕರು ಕೆಳಗಿಳಿದು ಪಕ್ಕದಲ್ಲಿ ನಡೆಯುತ್ತಿದ್ದಾರೆ. ಹಿಂದಿನಿಂದ ಕುದುರೆಯ ಸಪ್ಪಳ ಕೇಳಿದರೆ ಎಲ್ಲರಿಗೂ ಕಳ್ಳನ ಭಯ. ಆ ಕಾಲದಲ್ಲಿ ಲಂಡನ್ನಿನಿಂದ ಪ್ಯಾರಿಸ್ಸಿಗೆ ಸಾಮಾನ್ಯವಾಗಿ ಮೂರು ನಾಲ್ಕು ದಿನದ ಪಯಣ, ಅದೂ ಗಾಳಿ ಒಲಿದರೆ. ಗಾಳಿ ಮುನಿದರೆ ಹಾಯಿಹಡಗು ಬಂದರಿನಲ್ಲೇ ನಿಲ್ಲುತ್ತಿತ್ತು. ಪ್ರಯಾಣಿಕರು ಛತ್ರಗಳಲ್ಲಿ ದಿನಗಟ್ಟಲೆ ಕಾಯುತ್ತಿದ್ದರು.

ಗಾಳಿಗಿಂತ ಕ್ರೂರವಾದ ಅಡ್ಡಿ ಇನ್ನೊಂದಿತ್ತು. 1802ರಲ್ಲಿ ಎರಡು ದೇಶಗಳಿಗೂ ಸ್ವಲ್ಪ ಕಾಲ ಶಾಂತಿಯಾಯಿತು. ಹತ್ತು ವರ್ಷದಿಂದ ಪ್ಯಾರಿಸ್ ಕಾಣದಿದ್ದ ಇಂಗ್ಲಿಷರು ಹಿಂಡುಹಿಂಡಾಗಿ ಹೋದರು. 1803ರ ಮೇ ತಿಂಗಳಲ್ಲಿ ಮತ್ತೆ ಯುದ್ಧ. ಫ್ರಾನ್ಸಿನಲ್ಲಿದ್ದ 18ರಿಂದ 60 ವರ್ಷದೊಳಗಿನ ಇಂಗ್ಲಿಷ್ ಗಂಡಸರನ್ನೆಲ್ಲ ತಡೆದು ನಿಲ್ಲಿಸಬೇಕೆಂದು ನೆಪೋಲಿಯನ್ ಅಪ್ಪಣೆ ಮಾಡಿದ. ಅವರಲ್ಲಿ ಬಹಳ ಮಂದಿಯನ್ನು ವರ್ಡನ್ ಪಟ್ಟಣದಲ್ಲಿ ಇಟ್ಟರು. ಅನೇಕರು ಊರಿಗೆ ಮರಳಿದ್ದು 1814ರಲ್ಲಿ, ನೆಪೋಲಿಯನ್ ಗದ್ದುಗೆ ಬಿಟ್ಟ ಮೇಲೆ. ನಾಲ್ಕು ದಿನದಲ್ಲಿ ಹೋದವರು ಹಿಂದಿರುಗಲು ಹನ್ನೊಂದು ವರ್ಷ ಹಿಡಿಯಿತು. ದೂರ ಒಂದು ಅಂಗುಲವೂ ಹೆಚ್ಚಿರಲಿಲ್ಲ. ಇಂಥ ಲೆಕ್ಕವನ್ನು ಯಾವ ವೇಳಾಪಟ್ಟಿಯೂ ಹೇಳುವುದಿಲ್ಲ.

ಮುಂದೆ ಉಗಿಹಡಗು ಬಂತು, ರೈಲು ಬಂತು. 1851ರಲ್ಲಿ ಡಿಕನ್ಸನೇ ತನ್ನ ವಾರಪತ್ರಿಕೆಯಲ್ಲಿ ಲಂಡನ್ನಿನಿಂದ ಪ್ಯಾರಿಸ್ಸಿಗೆ ಹನ್ನೊಂದು ಗಂಟೆಯಲ್ಲಿ ಸೇರಿದ ಬೆರಗನ್ನು ಕುರಿತು ಒಂದು ಪ್ರಬಂಧ ಬರೆದ. ಅದರ ಹೆಸರು ‘ಎ ಫ್ಲೈಟ್’, ಎಂದರೆ ಹಾರಾಟ. ವಿಮಾನವಿನ್ನೂ ಹುಟ್ಟದಿದ್ದ ಕಾಲದಲ್ಲಿ, ರೈಲು ಹಡಗುಗಳ ಪ್ರಯಾಣವನ್ನೇ ಅವನು ಹಾರಾಟವೆಂದು ಕರೆದ. ಅಂಚೆಗಾಡಿಯ ಕಾದಂಬರಿಯನ್ನು ಬರೆದದ್ದು ಅದಾದ ಎಂಟು ವರ್ಷದ ಮೇಲೆ, 1859ರಲ್ಲಿ. ಹಾರಾಟದ ಸುಖವನ್ನು ಕಂಡವನೇ ಕೆಸರಿನ ದಾರಿಯನ್ನು ನೆನೆದು ಬರೆದನೆಂಬುದನ್ನು ಮರೆಯಬಾರದು. ಅದೇ ದಾರಿ ಅವನಿಗೆ ತನ್ನ ಬೆಲೆಯನ್ನೂ ತೋರಿಸಿತು. 1865ರ ಜೂನ್ 9ರಂದು ಫ್ರಾನ್ಸಿನಿಂದ ಹಿಂದಿರುಗುತ್ತಿದ್ದಾಗ ಸ್ಟೇಪಲ್‌ಹರ್ಸ್ಟ್ ಎಂಬಲ್ಲಿ ಅವನಿದ್ದ ರೈಲು ಸೇತುವೆಯ ಮೇಲೆ ಹಳಿ ತಪ್ಪಿತು. ಹತ್ತು ಜನ ಸತ್ತರು. ಡಿಕನ್ಸ್ ಬದುಕಿ, ಗಾಯಗೊಂಡವರಿಗೆ ನೀರು ಕೊಟ್ಟು ಉಪಚರಿಸಿದ. ಆ ಆಘಾತ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಅದೇ 1851ರಲ್ಲಿ ಡೋವರಿನಿಂದ ಕಲೆಯವರೆಗೆ ಕಡಲಿನಡಿಯಲ್ಲಿ ತಂತಿ ಹಾಸಿದರು. ಮನುಷ್ಯನಿಗೆ ಹನ್ನೊಂದು ಗಂಟೆಯಾಗುತ್ತಿದ್ದ ದಾರಿ ಮಾತಿಗೆ ಕ್ಷಣವಾಯಿತು. ಪೌಲ್ ಜೂಲಿಯಸ್ ರಾಯ್ಟರ್ ಲಂಡನ್ನಿನಲ್ಲಿ ಕಚೇರಿ ತೆರೆದು ಈ ತಂತಿಯ ಮೂಲಕ ಪ್ಯಾರಿಸ್ಸಿಗೆ ಷೇರುಪೇಟೆಯ ಧಾರಣೆಗಳನ್ನು ಕಳಿಸತೊಡಗಿದ್ದೂ ಅದೇ ವರ್ಷ.

ಇನ್ನು ಆಕಾಶದ ದಾರಿ. ಕಡಲ್ಗಾಲುವೆಯನ್ನು ಮೊದಲು ಗಾಳಿಯಲ್ಲಿ ದಾಟಿದ್ದು ವಿಮಾನವಲ್ಲ, ಬಲೂನು. 1785ರ ಜನವರಿ 7ರಂದು ಫ್ರಾನ್ಸಿನ ಬ್ಲಾಂಶಾರ್ ಮತ್ತು ಅಮೆರಿಕದಲ್ಲಿ ಹುಟ್ಟಿದ ವೈದ್ಯ ಜೆಫ್ರೀಸ್ ಡೋವರಿನಿಂದ ಮೇಲೇರಿದರು. ನಡುಗಡಲಿನಲ್ಲಿ ಬಲೂನು ಇಳಿಯತೊಡಗಿತು. ಹೊರೆ ಹಗುರ ಮಾಡಲು ಮರಳಿನ ಚೀಲ, ತಿಂಡಿ, ಅಲಂಕಾರ, ಲಂಗರು ಎಲ್ಲವನ್ನೂ ಕಡಲಿಗೆ ಎಸೆದರು. ಕೊನೆಗೆ ತೊಟ್ಟ ಬಟ್ಟೆಗಳೂ ಹೋದವು. ಸುಮಾರು ಎರಡೂವರೆ ಗಂಟೆಯ ಬಳಿಕ, ಆ ಚಳಿಯಲ್ಲಿ, ಅರೆಬೆತ್ತಲೆಯಾಗಿ ಫ್ರಾನ್ಸಿನ ಕಾಡೊಂದರಲ್ಲಿ ಇಳಿದರು. ಮತ್ತೆ ಈ ದಾರಿ ಸುದ್ದಿಯಾದದ್ದು 1909ರ ಜುಲೈ 25ರಂದು. ಲೂಯಿ ಬ್ಲೇರಿಯೊ ತಾನೇ ಕಟ್ಟಿದ ವಿಮಾನದಲ್ಲಿ ಕಲೆಯ ಬಳಿಯಿಂದ ಹೊರಟು ಮೂವತ್ತಾರೂವರೆ ನಿಮಿಷದಲ್ಲಿ ಡೋವರಿನಲ್ಲಿಳಿದು, ‘ಡೈಲಿ ಮೇಲ್’ ಪತ್ರಿಕೆ ಸಾರಿದ್ದ ಒಂದು ಸಾವಿರ ಪೌಂಡುಗಳ ಬಹುಮಾನವನ್ನು ಗೆದ್ದ.

ಮೊದಲ ಮಹಾಯುದ್ಧ ಮುಗಿದ ಮೇಲೆ ಯುದ್ಧವಿಮಾನಗಳಿಗೂ ಅವನ್ನು ನಡೆಸಿದ ತರುಣರಿಗೂ ಕೆಲಸವಿಲ್ಲದೆ ಹೋಯಿತು. 1919ರ ಆಗಸ್ಟ್ 25ರ ಬೆಳಿಗ್ಗೆ ಲಂಡನ್ ಪ್ಯಾರಿಸ್ಸುಗಳ ನಡುವೆ ದಿನವಹಿ ವಿಮಾನಸಂಚಾರ ಆರಂಭವಾಯಿತು. ಯುದ್ಧದಲ್ಲಿ ಬಾಂಬು ಹೊತ್ತಿದ್ದ ಜಾತಿಯ ವಿಮಾನವನ್ನೇ ಮಾರ್ಪಡಿಸಿದ್ದರು. ಚಾಲಕ ಬಿಲ್ ಲಾಫರ್ಡ್. ಪ್ರಯಾಣಿಕ ಒಬ್ಬನೇ, ಒಬ್ಬ ಪತ್ರಕರ್ತ. ಜೊತೆಗೆ ಒಂದಷ್ಟು ವೃತ್ತಪತ್ರಿಕೆಗಳು, ಚರ್ಮ, ಕಾಡುಕೋಳಿ ಜಾತಿಯ ಹಕ್ಕಿಗಳು, ಡೆವನ್ ಪ್ರಾಂತದ ಕೆನೆ. ಪ್ಯಾರಿಸ್ಸಿನ ಲ ಬೂರ್ಜೆ ನಿಲ್ದಾಣವನ್ನು ಸೇರಲು ಎರಡೂವರೆ ಗಂಟೆ ಹಿಡಿಯಿತು. ಪ್ರಯಾಣದ ದರ 21 ಪೌಂಡು. ಅಂದಿನ ದಿನಕ್ಕೆ ಸಿರಿವಂತರು ಮಾತ್ರ ತೆರಬಲ್ಲ ಹಣ. ಇದು ಹೊರಟ ಜಾಗ ಯಾವುದೆಂದರೆ ಹೌನ್ಸ್‌ಲೊ ಹೀತ್! 1784ರಲ್ಲಿ ರಾಯ್ ಗಾಜಿನ ಕೊಳವೆಗಳನ್ನು ಸಾಲಾಗಿಟ್ಟು ಅಳೆದ ಅದೇ ಬಯಲು. ಪ್ಯಾರಿಸ್ಸಿನ ದೂರವನ್ನು ಕಾಣಲು ಮೊದಲ ಕೋಲನ್ನಿಟ್ಟ ಜಾಗದಿಂದಲೇ, 135 ವರ್ಷಗಳ ಮೇಲೆ, ಪ್ಯಾರಿಸ್ಸಿಗೆ ಮೊದಲ ದಿನವಹಿ ವಿಮಾನ ಎದ್ದಿತು. ಅದಕ್ಕೆ ಯಾರೂ ಮುಹೂರ್ತ ನೋಡಿರಲಿಲ್ಲ.

ಆ ಕಾಲದ ಚಾಲಕರಿಗೆ ನೆಲವೇ ದಿಕ್ಕು ತೋರುವ ಬೊಂಬೆ. ಕೆಳಗಿನ ರೈಲುಹಳಿ, ರಸ್ತೆ, ನದಿಗಳನ್ನು ನೋಡುತ್ತ ಹಾರಬೇಕು. 1922ರ ಏಪ್ರಿಲ್ 7ರಂದು ಫ್ರಾನ್ಸಿನ ಪಿಕಾರ್ಡಿ ಸೀಮೆಯಲ್ಲಿ ಮಂಜು ಕವಿದಿತ್ತು. ಪ್ಯಾರಿಸ್ಸಿಗೆ ಅಂಚೆ ಒಯ್ಯುತ್ತಿದ್ದ ಇಂಗ್ಲಿಷ್ ವಿಮಾನವೂ ಲಂಡನ್ನಿಗೆ ಜನರನ್ನು ಒಯ್ಯುತ್ತಿದ್ದ ಫ್ರೆಂಚ್ ವಿಮಾನವೂ ಒಂದೇ ರಸ್ತೆಯನ್ನು ನೋಡುತ್ತ ಎದುರು ಬದುರಾಗಿ ಬಂದು ಡಿಕ್ಕಿ ಹೊಡೆದವು. ಏಳು ಮಂದಿಯೂ ಸತ್ತರು. ಪ್ರಯಾಣಿಕರ ವಿಮಾನ ಸಂಚಾರದಲ್ಲಿ ಆಕಾಶದಲ್ಲಾದ ಮೊದಲ ಡಿಕ್ಕಿ ಅದು. ಅಷ್ಟು ವಿಶಾಲವಾದ ಆಕಾಶದಲ್ಲಿಯೂ ಬಲಕ್ಕೆ ಸರಿಯಬೇಕೆಂಬ ನಿಯಮ ಬೇಕಾಯಿತು. ಮರುವರ್ಷ, 1923ರಲ್ಲಿ, ಲಂಡನ್ನಿನ ಕ್ರಾಯ್ಡನ್ ನಿಲ್ದಾಣದ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಎಂಬವನಿಗೆ, ಅಪಾಯದಲ್ಲಿರುವ ಚಾಲಕ ರೇಡಿಯೋದಲ್ಲಿ ಕೂಗಿದರೆ ಎಲ್ಲರಿಗೂ ತಟ್ಟನೆ ತಿಳಿಯುವ ಒಂದು ಮಾತನ್ನು ಹುಡುಕುವಂತೆ ಹೇಳಿದರು. ಕ್ರಾಯ್ಡನ್ನಿನ ಸಂಚಾರವೆಲ್ಲ ಹೆಚ್ಚಾಗಿ ಲ ಬೂರ್ಜೆಗೆ. ಆದಕಾರಣ ‘ನನಗೆ ನೆರವಾಗಿ’ ಎಂಬರ್ಥದ ಫ್ರೆಂಚ್ ಮಾತನ್ನು ಇಂಗ್ಲಿಷ್ ಕಿವಿಗೆ ಕೇಳುವಂತೆ ‘ಮೇಡೇ’ ಎಂದು ಅವನು ಸೂಚಿಸಿದ. ಇಂದು ಜಗತ್ತಿನ ಯಾವ ಆಕಾಶದಲ್ಲಿ ವಿಮಾನ ಆಪತ್ತಿಗೆ ಸಿಕ್ಕಿದರೂ ಚಾಲಕ ಮೂರು ಬಾರಿ ಕೂಗುವುದು ಇದೇ ಮಾತನ್ನು. ನೂರಾರು ವರ್ಷ ಹಗೆಗಳಾಗಿದ್ದವರ ನಡುವಿನ ದಾರಿಯಲ್ಲಿ ಹುಟ್ಟಿದ ಈ ಪದ, ಒಬ್ಬರ ಭಾಷೆಯಲ್ಲಿ ಮೊರೆ, ಇನ್ನೊಬ್ಬರ ನಾಲಗೆಯಲ್ಲಿ ಉಚ್ಚಾರ. ಭಾಷೆಯನ್ನು ಕಲಿಸಿ ಬದುಕಿದ ನನಗೆ ಈ ದಾರಿಯ ಇತಿಹಾಸದಲ್ಲಿ ಇದಕ್ಕಿಂತ ಪ್ರಿಯವಾದ ಸಂಗತಿ ಮತ್ತೊಂದಿಲ್ಲ.

1950ರ ಜುಲೈ 29ರಂದು ವೈಕೌಂಟ್ ಎಂಬ ಹೊಸ ಬಗೆಯ ವಿಮಾನ ಲಂಡನ್ನಿನ ನಾರ್ತೋಲ್ಟಿನಿಂದ ಲ ಬೂರ್ಜೆಗೆ ಪ್ರಯಾಣಿಕರನ್ನು ಹೊತ್ತು ಹಾರಿತು. ಹಿಡಿದ ಹೊತ್ತು 57 ನಿಮಿಷ. 1959ರಲ್ಲಿ, ಬ್ಲೇರಿಯೊ ಹಾರಿದ ಐವತ್ತನೆಯ ವರ್ಷದ ನೆನಪಿಗೆ, ಲಂಡನ್ನಿನ ಮಾರ್ಬಲ್ ಆರ್ಚಿನಿಂದ ಪ್ಯಾರಿಸ್ಸಿನ ವಿಜಯದ್ವಾರಕ್ಕೆ ಒಂದು ಪಂದ್ಯ ನಡೆಯಿತು. ಗೆದ್ದವನು ಚಾರ್ಲ್ಸ್ ಮಾನ್ ಎಂಬ ವಾಯುಸೇನೆಯ ಅಧಿಕಾರಿ. ಮೋಟಾರುಸೈಕಲ್ಲು, ಹೆಲಿಕಾಪ್ಟರು, ಜೆಟ್ ಯುದ್ಧವಿಮಾನ ಎಲ್ಲವನ್ನೂ ಬಳಸಿ ಆತ ಬಾಗಿಲಿನಿಂದ ಬಾಗಿಲಿಗೆ ಸುಮಾರು 41 ನಿಮಿಷದಲ್ಲಿ ಸೇರಿದ.

ಇಷ್ಟು ಹೇಳಿದ ಮೇಲೆ ನನ್ನ ವಿದ್ಯಾರ್ಥಿಯ ವೇಳಾಪಟ್ಟಿಯನ್ನು ಮತ್ತೆ ನೋಡಬೇಕು. ಗಡಿಯಾರದ ವ್ಯತ್ಯಾಸ ಕಳೆದರೆ ಅವನ ವಿಮಾನಕ್ಕೆ ಕೊಟ್ಟಿರುವ ಅವಧಿ ಒಂದು ಗಂಟೆ ಇಪ್ಪತ್ತು ನಿಮಿಷ. ಯಂತ್ರ ವೈಕೌಂಟಿಗಿಂತ ಬಹಳ ವೇಗದ್ದು. ಗಾಳಿಯಲ್ಲಿರುವ ಹೊತ್ತು ಈಗಲೂ ಒಂದು ಗಂಟೆಯೊಳಗೆ. ಉಳಿದದ್ದೆಲ್ಲ ನೆಲದ ಮೇಲೆ: ಓಡುದಾರಿಯತ್ತ ತೆವಳುವುದು, ಸರದಿಗಾಗಿ ನಿಲ್ಲುವುದು. ಇದಕ್ಕೆ ಊರಿನಿಂದ ನಿಲ್ದಾಣಕ್ಕೆ ಹೋಗುವ, ತಪಾಸಣೆಗೆ ನಿಲ್ಲುವ ಹೊತ್ತನ್ನು ಸೇರಿಸಿದರೆ ಮನೆಯ ಹೊಸಿಲು ದಾಟಿ ಅಲ್ಲಿಯ ಕಚೇರಿ ಮುಟ್ಟಲು ಐದು ಗಂಟೆಯೇ ಆಗುತ್ತದೆಂದು ಅವನು ಬರೆದಿದ್ದ. ರೆಕ್ಕೆಯ ವೇಗ ಹೆಚ್ಚಿದಷ್ಟೂ ಕಾಲಿನ ಕಾಯುವಿಕೆ ಹೆಚ್ಚಿತು. ಎಪ್ಪತ್ತು ವರ್ಷಗಳಿಂದ ಯಂತ್ರ ಗಳಿಸಿಕೊಟ್ಟದ್ದನ್ನು ಸಾಲು ತಿಂದುಹಾಕಿದೆ.

ಈಗ ಆ ಒಂದು ಗಂಟೆಯ ವಿಚಾರ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ರಾಷ್ಟ್ರಗಳು ಸೇರಿ ಗ್ರೀನಿಚ್ಚನ್ನೇ ಮೂಲರೇಖೆಯಾಗಿ ಒಪ್ಪಿದಾಗ ಫ್ರಾನ್ಸ್ ಮತ ಕೊಡದೆ ಸುಮ್ಮನಿತ್ತು. ಇಪ್ಪತ್ತೇಳು ವರ್ಷ ತನ್ನದೇ ಪ್ಯಾರಿಸ್ ಕಾಲವನ್ನು ಇಟ್ಟುಕೊಂಡಿತ್ತು. 1911ರಲ್ಲಿ ಕೊನೆಗೆ ಒಪ್ಪಿತು. ಆದರೆ ಒಪ್ಪಿದ ರೀತಿಯನ್ನು ನೋಡಿ. ಪ್ಯಾರಿಸ್ಸಿನ ಕಾಲವನ್ನು 9 ನಿಮಿಷ 21 ಸೆಕೆಂಡು ಹಿಂದಿಟ್ಟರೆ ಬರುವುದೇ ಫ್ರಾನ್ಸಿನ ಕಾಲವೆಂದು ಶಾಸನ ಮಾಡಿದರು. ಗ್ರೀನಿಚ್ ಎಂಬ ಹೆಸರು ಅದರಲ್ಲಿಲ್ಲ! ಶಾಸನದ ಆ ಒಕ್ಕಣೆ ಉಳಿದದ್ದು 1978ರವರೆಗೆ. ಅಭಿಮಾನವೂ ಉಳಿಯಿತು, ಗಡಿಯಾರವೂ ಕೂಡಿತು. 1911ರಿಂದ ಲಂಡನ್ನಿಗೂ ಪ್ಯಾರಿಸ್ಸಿಗೂ ಒಂದೇ ಹೊತ್ತು. 1919ರ ಆ ಪತ್ರಕರ್ತ ಪ್ಯಾರಿಸ್ಸಿನಲ್ಲಿಳಿದಾಗ ಕೈಗಡಿಯಾರವನ್ನು ತಿರುಗಿಸಬೇಕಾಗಿರಲಿಲ್ಲ.

1940ರ ಜೂನ್ 14ರಂದು ಜರ್ಮನ್ ಸೇನೆ ಪ್ಯಾರಿಸ್ಸನ್ನು ಹೊಕ್ಕಿತು. ಹೊಕ್ಕವರು ಊರಿನ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಬರ್ಲಿನ್ನಿನ ಕಾಲಕ್ಕೆ ಕೂಡಿಸಿದರು. 1944ರಲ್ಲಿ ಊರು ಬಿಡುಗಡೆಯಾಯಿತು. ಯುದ್ಧ ಮುಗಿದ ಬಳಿಕ ಹಳೆಯ ಕಾಲಕ್ಕೆ ಮರಳುವ ಏರ್ಪಾಡು ನಡೆದಿತ್ತಾದರೂ 1945ರ ಕೊನೆಯಲ್ಲಿ ಅದನ್ನು ಕೈಬಿಟ್ಟರು. ಬಂದ ಸೈನ್ಯ ಹೋಯಿತು. ತಂದ ಗಂಟೆ ಉಳಿಯಿತು. ನಡುವೆ 1968ರಿಂದ 1971ರವರೆಗೆ ಬ್ರಿಟನ್ ವರ್ಷವಿಡೀ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ನೋಡಿತು. ಆ ಮೂರು ವರ್ಷ ಎರಡು ಊರುಗಳಿಗೂ ಮತ್ತೆ ಒಂದೇ ಹೊತ್ತಾಗಿತ್ತು. ಆ ಪ್ರಯೋಗವೂ ನಿಂತಿತು. ನನ್ನ ವಿದ್ಯಾರ್ಥಿ ಕೇಳಿದ ಏರು ಇಳಿಜಾರುಗಳ ಗುಟ್ಟು ಇದು. ಪ್ಯಾರಿಸ್ಸಿನಲ್ಲಿಳಿದು ಅವನು ಮುಳ್ಳನ್ನು ಮುಂದಕ್ಕೆ ತಿರುಗಿಸುವಾಗಲೆಲ್ಲ 1940ರ ಆ ಜೂನ್ ತಿಂಗಳು ಅವನ ಮಣಿಕಟ್ಟಿನ ಮೇಲೆ ಕದಲುತ್ತದೆ.

ಕೊನೆಯದಾಗಿ ಕಡಲಿನಡಿಯ ದಾರಿ. ಸುರಂಗದ ಯೋಚನೆ 1802ರ ಶಾಂತಿಕಾಲದಷ್ಟು ಹಳೆಯದು. ಆಲ್ಬೇರ್ ಮಾತಿಯ ಎಂಬ ಫ್ರೆಂಚ್ ಎಂಜಿನಿಯರ್ ಅದನ್ನು ಮುಂದಿಟ್ಟ. 1880ರ ಸುಮಾರಿಗೆ ಎರಡೂ ದಡಗಳಿಂದ ಅಗೆಯತೊಡಗಿ ಒಂದೂವರೆ ಕಿಲೋಮೀಟರಿಗೂ ಮಿಕ್ಕಿ ಹೋದರು. ಸುರಂಗದಲ್ಲಿ ರೈಲಿಗಿಂತ ಮೊದಲು ಶತ್ರುಸೈನ್ಯ ಬಂದೀತೆಂದು ಇಂಗ್ಲೆಂಡಿನ ಸೇನಾನಿಗಳು ಹೆದರಿದರು. 1882ರಲ್ಲಿ ಕೆಲಸ ನಿಂತಿತು. ನಿಂತದ್ದು ಬಂಡೆ ಅಡ್ಡ ಬಂದು ಅಲ್ಲ, ಭಯ ಅಡ್ಡ ಬಂದು. 1986ರಲ್ಲಿ ಎರಡು ಸರ್ಕಾರಗಳೂ ಕರಾರು ಮಾಡಿಕೊಂಡವು. 1990ರ ಡಿಸೆಂಬರ್ 1ರಂದು ಆ ಕಡೆಯಿಂದ ಅಗೆದವರೂ ಈ ಕಡೆಯಿಂದ ಅಗೆದವರೂ ಕಡಲಿನಡಿಯಲ್ಲಿ ಕೈ ಕುಲುಕಿದರು. ಎರಡು ಸುರಂಗಗಳ ನೇರದಲ್ಲಿ ಕಂಡ ವ್ಯತ್ಯಾಸ ಸುಮಾರು 36 ಸೆಂಟಿಮೀಟರು, ನಮ್ಮ ಲೆಕ್ಕದಲ್ಲಿ ಒಂದು ಮೊಳಕ್ಕೂ ಕಡಿಮೆ. ರಾಯ್ ಮತ್ತು ಕಸೀನಿಯವರ ದೀಪಗಳ ಫಲ ಇದೆಂದು ನನಗೆ ತೋರುತ್ತದೆ. 50 ಕಿಲೋಮೀಟರ್ ಉದ್ದದ ಈ ಸುರಂಗ 1994ರ ಮೇ 6ರಂದು ಉದ್ಘಾಟನೆಯಾಯಿತು. ನವೆಂಬರಿನಲ್ಲಿ ಪ್ರಯಾಣಿಕರ ರೈಲು ಹೊರಟಿತು. ಮೊದಲು ಮೂರು ಗಂಟೆ ಹಿಡಿಯುತ್ತಿತ್ತು. ಇಂಗ್ಲೆಂಡಿನಲ್ಲಿ ಹೊಸ ಹಳಿ ಪೂರ್ತಿಯಾದ 2007ರ ನವೆಂಬರಿನಿಂದ ಎರಡೂಕಾಲು ಗಂಟೆಯ ಆಸುಪಾಸು. ರೈಲು ಊರ ನಡುವಿನಿಂದ ಹೊರಟು ಊರ ನಡುವೆಯೇ ಇಳಿಸುವುದರಿಂದ ಈ ದಾರಿಯ ಬಹುಪಾಲು ಪ್ರಯಾಣಿಕರು ವಿಮಾನವನ್ನು ಬಿಟ್ಟು ರೈಲನ್ನು ಹಿಡಿದರು. ಡಿಕನ್ಸ್ ರೈಲಿಗೆ ಹಾರಾಟವೆಂದು ಹೆಸರಿಟ್ಟದ್ದು ನೂರೈವತ್ತು ವರ್ಷಗಳ ಮೇಲೆ ನಿಜವಾಯಿತು.

2020ರ ಜನವರಿ 31ರಂದು ಬ್ರಿಟನ್ ಯುರೋಪಿನ ಒಕ್ಕೂಟವನ್ನು ಬಿಟ್ಟಿತು. 2021ರಿಂದ ರಹದಾರಿಯ ತಪಾಸಣೆ ಬಿಗಿಯಾಗಿ, ರೈಲುನಿಲ್ದಾಣದಲ್ಲಿಯೂ ಮೊದಲಿಗಿಂತ ಬೇಗ ಬಂದು ನಿಲ್ಲಬೇಕಾಯಿತು. ಅದು ಸರಿಯೋ ತಪ್ಪೋ ಆ ದೇಶದವರು ಹೇಳಬೇಕಾದ ಮಾತು. ರೈಲಿನ ವೇಗ ಅದೇ, ಸುರಂಗದ ಉದ್ದ ಅದೇ. ಆದರೂ ಪ್ರಯಾಣದ ಹೊತ್ತು ಬೆಳೆಯಿತೆಂಬುದನ್ನಷ್ಟೇ ನಾನು ಹೇಳಬಲ್ಲೆ. ಎರಡು ಊರುಗಳ ನಡುವಣ ಹೊತ್ತನ್ನು ಕುಗ್ಗಿಸಿದ ಕೀರ್ತಿ ಯಂತ್ರಕ್ಕೆ ಎಷ್ಟು ಸಲ್ಲುವುದೋ, ಒಂದು ರಾತ್ರಿ ಎರಡು ದಡಗಳಲ್ಲಿ ದೀಪ ಹಚ್ಚಲು ಒಪ್ಪಿಕೊಂಡ ಮನಸ್ಸಿಗೂ ಅಷ್ಟೇ ಸಲ್ಲುತ್ತದೆ. ಆ ಮನಸ್ಸು ಮುಚ್ಚಿಕೊಂಡಾಗ ನಾಲ್ಕು ದಿನದ ದಾರಿ ಹನ್ನೊಂದು ವರ್ಷದ್ದಾದುದನ್ನು ನೋಡಿದೆವಲ್ಲ.

ವಿದ್ಯಾರ್ಥಿಗೆ ಇದನ್ನೆಲ್ಲ ಬರೆದು, ಕೊನೆಯಲ್ಲಿ ಅವನಿಗೊಂದು ಕೆಲಸ ಹಚ್ಚಿದೆ. ರಾಯ್ ತನ್ನ ಆಧಾರರೇಖೆಯ ಎರಡು ತುದಿಗಳಲ್ಲಿ ಮರದ ಗುರುತುಗಳನ್ನು ನೆಟ್ಟಿದ್ದ. ಅವು ಹಾಳಾಗುವುವೆಂದು 1791ರಲ್ಲಿ ಅವುಗಳ ಜಾಗದಲ್ಲಿ ಎರಡು ಫಿರಂಗಿಗಳನ್ನು ಬಾಯಿ ಮೇಲಾಗಿ ಹೂಳಿದರು. ಅವುಗಳಲ್ಲೊಂದು ಇಂದಿನ ಹೀತ್ರೂ ವಿಮಾನ ನಿಲ್ದಾಣದ ಉತ್ತರದ ಅಂಚಿನಲ್ಲಿದೆ. ನಿಲ್ದಾಣ ಕಟ್ಟುವಾಗ ಅದನ್ನು ಕಿತ್ತಿದ್ದರು. 1972ರಲ್ಲಿ ಮತ್ತೆ ಸ್ವಸ್ಥಾನಕ್ಕೆ ತಂದು ನಿಲ್ಲಿಸಿದರು. ‘ಪ್ಯಾರಿಸ್ಸಿಗೆ ಹೋಗುವಾಗ ಅದನ್ನೊಮ್ಮೆ ನೋಡಿ ಬಾರಪ್ಪ’ ಎಂದು ಬರೆದಿದ್ದೆ.

ಹೋಗಿ ನೋಡಿ ಬಂದು ಉತ್ತರ ಬರೆದ. ‘ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೇನೆ, ಸಾರ್, ಕಂಡೇ ಇರಲಿಲ್ಲ. ಅರ್ಧ ನೆಲದಲ್ಲಿ ಹೂತು, ಆಕಾಶಕ್ಕೆ ಬಾಯಿ ಮಾಡಿ ನಿಂತಿದೆ. ನಾನು ನಿಂತಿದ್ದಷ್ಟು ಹೊತ್ತೂ ಒಂದಾದ ಮೇಲೊಂದು ವಿಮಾನ ಹೋಗುತ್ತಲೇ ಇತ್ತು. ಯಾವುದು ಪ್ಯಾರಿಸ್ಸಿಗೆ ಹೋಗುವುದೆಂದು ತಿಳಿಯಲಿಲ್ಲ.’